ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ ದಿನ

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟ್ಲಿ ಬಗ್ಗಿಸಿದರೆ ಒಂದು ತೊಟ್ಟೂ ಬೀಳದೆ, ಒಳಗೆಲ್ಲ ಬೆಳ್ಳಗೆ ಕಟ್ಟಿಕೊಂಡು ಕೂತಿರುತ್ತದಲ್ಲ, ಆಗೆಲ್ಲ ನನಗೆ ರೇಷ್ಮೆ ಮೊಟ್ಟೆಯ ನೆನಪಾಗುತ್ತದೆ. ಮೊನ್ನೆ ಊರಿಗೆ ಹೋದಾಗ ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸುತ್ತ ಕೂತಿದ್ದ ತಂಗಿಯ ಮಕ್ಕಳಿಗೆ ಈ ಮಾತು ಹೇಳಿದೆ. ‘ಎಣ್ಣೆಗೂ ಮೊಟ್ಟೆಗೂ ಎಂತ ಸಂಬಂಧ ಮಾವ?’ ಅಂದವು. ಒಲೆಯ ಬೆಂಕಿ ಇಳಿಯುವವರೆಗೂ ಕೂರಿಸಿಕೊಂಡು ಹೇಳಿದ್ದನ್ನು, ಹೇಳುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೊಪ್ಪ ತಾಲೂಕಿನ ಸಣ್ಣ ಊರು. ಅಡಿಕೆ ತೋಟ, ಅದರ ಕೆಳಗೆ ಗದ್ದೆ, ಮೇಲೆ ಕಾಡು. ರೇಷ್ಮೆ ಅಲ್ಲಿಯ ಬೆಳೆಯಲ್ಲ. ಆದರೆ ನಮ್ಮವ್ವ ಮಾಗಡಿ ಕಡೆಯವಳು. ಅಪ್ಪಯ್ಯ ಆ ಸೀಮೆಯಲ್ಲಿ ನಾಲ್ಕು ವರ್ಷ ಮೇಷ್ಟ್ರಾಗಿದ್ದಾಗ ಆದ ಸಂಬಂಧ. ಆಮೇಲೆ ಅಜ್ಜ ತೀರಿಕೊಂಡರು, ತೋಟ ನೋಡುವವರಿಲ್ಲದೆ ಅಪ್ಪಯ್ಯ ಊರಿನ ಹತ್ತಿರವೇ ವರ್ಗ ಮಾಡಿಸಿಕೊಂಡು ಬಂದರು. ಅವ್ವ ಹುಟ್ಟಿ ಬೆಳೆದದ್ದು ಹುಳದ ಮನೆಯಲ್ಲಿ. ಅಲ್ಲಿ ಮನುಷ್ಯರಿಗೆ ಊಟ ತಡವಾದರೂ ನಡೆಯುತ್ತದೆ, ಹುಳಕ್ಕೆ ಸೊಪ್ಪು ತಡವಾಗುವ ಹಾಗಿಲ್ಲ. ಮದುವೆಯಾಗಿ ಬಂದ ವರ್ಷ ಮೊದಲ ಮಳೆ ರಾತ್ರಿ ಹೆಂಚಿನ ಮೇಲೆ ಬಿದ್ದಾಗ ಅವಳು ದಡಕ್ಕನೆ ಎದ್ದು ಕೂತಿದ್ದಳಂತೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಅಂದುಕೊಂಡಿದ್ದಳಂತೆ. ಹುಳ ಪೊರೆ ಬಿಡುವುದಕ್ಕೆ ಆ ಕಡೆ ‘ಜ್ವರ’ ಅನ್ನುತ್ತಾರೆ. ನಾಲ್ಕು ಸಲ ಜ್ವರ ಬಂದು ಎದ್ದರೆ ಆಮೇಲೆ ಗೂಡು.

ಅವಳು ತವರಿಂದ ತಂದ ಹಿಪ್ಪುನೇರಳೆ ಕಡ್ಡಿಗಳು ಬಚ್ಚಲ ನೀರು ಹರಿಯುವ ಕಡೆ ಬೇಲಿಯಾಗಿ ಬೆಳೆದಿದ್ದವು. ನಾವು ಮಕ್ಕಳು ಹಣ್ಣು ತಿಂದು ಬಾಯಿ ನೇರಳೆ ಮಾಡಿಕೊಳ್ಳುತ್ತಿದ್ದೆವು, ದನ ಸೊಪ್ಪು ತಿನ್ನುತ್ತಿತ್ತು. ಅಷ್ಟು ಒಳ್ಳೆ ಸೊಪ್ಪು ದನದ ಬಾಯಿಗೆ ಹೋಗುವುದನ್ನು ನೋಡಿ ಅವ್ವನ ಹೊಟ್ಟೆ ಉರಿಯುತ್ತಿತ್ತು.

ಅವಳ ಅಣ್ಣ, ನಮ್ಮ ಸೋದರಮಾವ, ಅಲ್ಲಿನ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕಿದ್ದರು. ರೈತರಿಗೆ ಕೊಡುವ ಮೊಟ್ಟೆ ತಯಾರಾಗುವ ಜಾಗ ಅದು. ಗೂಡಿನಿಂದ ಹೊರಬಂದ ಗಂಡು ಹೆಣ್ಣು ಚಿಟ್ಟೆಗಳನ್ನು ಜೋಡಿ ಮಾಡಿ, ಆಮೇಲೆ ಹೆಣ್ಣನ್ನು ಬಿಡಿಸಿ ಹಾಳೆಯ ಮೇಲೆ ಬಿಟ್ಟು ಒಂದೊಂದಕ್ಕೂ ಬಟ್ಟಲು ಕವುಚುತ್ತಾರೆ. ಬೆಳಗಾಗುವಷ್ಟರಲ್ಲಿ ಹಾಳೆಯ ಮೇಲೆ ದುಂಡಗೆ ನಾಲ್ಕೈನೂರು ಮೊಟ್ಟೆ ಅಂಟಿರುತ್ತವೆ. ಈ ಒಂದು ಸುತ್ತಿಗೆ ರೈತರು ‘ಒಂದು ಮೊಟ್ಟೆ’ ಅನ್ನುವುದು. ನೂರು ಮೊಟ್ಟೆ ಮೇಯಿಸಿದೆ ಅಂದರೆ ನೂರು ಚಿಟ್ಟೆಯ ಸಂತಾನವನ್ನು ಮೇಯಿಸಿದೆ ಎಂದು. ಮೊಟ್ಟೆ ಇಟ್ಟ ಮೇಲೆ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಮಾವನ ಕೆಲಸ. ಗಂಟುರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆಯನ್ನು ಸುಟ್ಟುಬಿಡುತ್ತಾರೆ. ಆ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಫ್ರಾನ್ಸಿನ ಹುಳ ಸಾಕುವವರು ಅದರಿಂದ ನೆಲ ಕಚ್ಚಿದ್ದಾಗ ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ಅಲ್ಲೇ ಕೂತು ಕಂಡುಕೊಂಡ ಉಪಾಯ ಇದು. ಪಾಶ್ಚರ್ ಹೆಸರನ್ನು ನಾನು ಶಾಲೆಯಲ್ಲಿ ಕೇಳುವುದಕ್ಕೆ ಮೊದಲು ಮಾವನ ಬಾಯಲ್ಲಿ ಕೇಳಿದ್ದೆ. ಮನೆಯ ಹಿರಿಯರ ಹೆಸರು ಹೇಳುವ ಹಾಗೆ ಹೇಳುತ್ತಿದ್ದರು.

1984ರ ದೀಪಾವಳಿಗೆ ಮಾವ ಬಂದಿದ್ದರು. ಅವ್ವ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಸೊಪ್ಪು ತೋರಿಸಿದಳು. ‘ಅಣ್ಣಯ್ಯ, ಎರಡೇ ಎರಡು ಮೊಟ್ಟೆ ಕಳ್ಸು. ಈ ಸೊಪ್ಪಿಗೆ ಅಷ್ಟು ಸಾಕು. ಹುಡುಗರೂ ನೋಡ್ಲಿ.’

‘ಕಳ್ಸೋದು ಹೆಂಗವ್ವ? ಮೊಟ್ಟೆ ಇಟ್ಟ ಹತ್ತು ದಿನಕ್ಕೆ ಮರಿ ಬತ್ತದೆ.’

‘ಟಪಾಲಲ್ಲಿ.’

ಜೀವ ಇರುವುದನ್ನು ಅಂಚೆಯಲ್ಲಿ ಕಳಿಸಬಹುದೇ ಎಂದು ನಮ್ಮೂರಿನ ಪೋಸ್ಟ್ ಮಾಸ್ತರರಿಗೇ ಅನುಮಾನವಿತ್ತು. ಕಳಿಸಬಹುದು. ಜೇನು, ಜಿಗಣೆ, ರೇಷ್ಮೆ ಹುಳು, ಈ ಮೂರಕ್ಕೆ ದೇಶದಿಂದ ದೇಶಕ್ಕೂ ಅಂಚೆಯಲ್ಲಿ ಹೋಗುವ ಅವಕಾಶವನ್ನು ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನಿಯಮಗಳೇ ಕೊಟ್ಟಿವೆ.

ಡಿಸೆಂಬರಿನಲ್ಲಿ ಮೊದಲ ಪಾರ್ಸೆಲ್ಲು ಬಂತು. ಮಾವ ದುಡ್ಡು ಕಟ್ಟಿ, ರಸೀತಿ ಮಾಡಿಸಿ ಎರಡು ಮೊಟ್ಟೆ ತೆಗೆದುಕೊಂಡಿದ್ದರು. ತಾಯಿ ಮೈಸೂರು ತಳಿ, ತಂದೆ ಎನ್‌.ಬಿ.4ಡಿ2. ಆಗ ನಮ್ಮ ರಾಜ್ಯದಲ್ಲಿ ರೈತರು ಹೆಚ್ಚಾಗಿ ಮೇಯಿಸುತ್ತಿದ್ದ ಮಿಶ್ರತಳಿ ಅದೇ. ಮೊಟ್ಟೆ ಹಾಳೆಯನ್ನು ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ಗುರುವಾರ ಅಂಚೆಗೆ ಹಾಕಿದ್ದರು. ನಡುವೆ ಭಾನುವಾರ. ಬೆಂಗಳೂರು, ರಾತ್ರಿ ರೈಲು, ಬೀರೂರು, ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿ ಮೇಲೆ ಬರುವ ಬಸ್ಸು ದಾರಿಯಲ್ಲಿ ಕೆಟ್ಟು ಒಂದು ರಾತ್ರಿ ಅಲ್ಲೇ ನಿಂತಿತಂತೆ. ಟಪಾಲು ಚೀಲ ಬಸ್ಸಿನ ಟಾಪಿನ ಮೇಲೆ ಇಬ್ಬನಿಯಲ್ಲಿ ನೆನೆಯುತ್ತಿತ್ತು. ನಮ್ಮ ಕೈಗೆ ಡಬ್ಬಿ ಬಂದದ್ದು ಬುಧವಾರ ಮಧ್ಯಾಹ್ನ. ಮುಟ್ಟಿದರೆ ಬಾವಿಯಿಂದ ಆಗತಾನೇ ಎತ್ತಿದ ಕೊಡದ ಹಾಗಿತ್ತು.

ಅವ್ವ ಜಗಲಿಯಲ್ಲಿ ಕೂತು ಹಾಳೆ ಬಿಡಿಸಿದಳು. ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೈಸೂರು ತಳಿಯ ತಾಯಿಯ ಮೊಟ್ಟೆ ಇಟ್ಟಾಗ ತಿಳಿಹಳದಿ, ರಾಗಿ ಕಾಳಿಗಿಂತ ಸಣ್ಣದು, ನಡುವೆ ಸ್ವಲ್ಪ ಚಪ್ಪಟೆ. ಏಳೆಂಟನೇ ದಿನಕ್ಕೆ ಒಂದೊಂದರಲ್ಲೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣಬೇಕು. ಅದು ಒಳಗಿನ ಮರಿಯ ತಲೆ. ಮಾವ ಬರೆದಿದ್ದ ತಾರೀಖಿನ ಲೆಕ್ಕದಲ್ಲಿ ಅವತ್ತಿಗೆ ಎಂಟು ದಿನ. ಒಂದರಲ್ಲೂ ಚುಕ್ಕೆ ಇರಲಿಲ್ಲ.

‘ನಿಂತುಬಿಟ್ಟವೆ’ ಅಂದಳು.

‘ಸತ್ತುವಾ?’

‘ಗೊತ್ತಿಲ್ಲ ಮಗ. ಚಳಿಗೆ ಬೆಳೆಯೋದು ನಿಲ್ಲಿಸಿದಾವೆ. ನಿಧಾನಕ್ಕೆ ಬೆಚ್ಚಗೆ ಮಾಡ್ಬೇಕು.’

ಅವಳು ಹೇಳಿದ್ದು ಸರಿ. 25 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಮೊಟ್ಟೆಯೊಳಗಿನ ಮರಿ ಚೆನ್ನಾಗಿ ಬೆಳೆಯುತ್ತದೆ. ಹತ್ತು-ಹನ್ನೆರಡಕ್ಕೆ ಇಳಿದರೆ ಬೆಳವಣಿಗೆ ನಿಂತೇ ಹೋಗುತ್ತದೆ. ಮೊದಲಲ್ಲೋ ಕೊನೆಯಲ್ಲೋ ನಿಂತರೆ ಕೆಲವು ದಿನ ತಡೆದುಕೊಳ್ಳಬಹುದು. ನಡುವಿನ ದಿನಗಳಲ್ಲಿ ಮರಿ ಮೊಟ್ಟೆಯೊಳಗೇ ಮಗ್ಗುಲು ತಿರುಗುತ್ತದೆ, ಬಸುರಿಯ ಹೊಟ್ಟೆಯಲ್ಲಿ ಮಗು ತಿರುಗುವ ಹಾಗೆ. ಆ ಹೊತ್ತಿಗೆ ಚಳಿ ಹಿಡಿದರೆ ಕಷ್ಟ. ನಮ್ಮ ಮೊಟ್ಟೆಗಳು ಬಸ್ಸಿನ ಟಾಪಿನ ಮೇಲಿದ್ದದ್ದು ಆ ದಿನಗಳಲ್ಲೇ.

‘ನಿಧಾನಕ್ಕೆ’ ಅಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷದ ಹುಡುಗ. ‘ಬೆಚ್ಚಗೆ’ ಅನ್ನುವುದಷ್ಟೇ ಕೇಳಿಸಿತು. ಅವ್ವ ಹಾಳೆಯನ್ನು ಡಬ್ಬಿಗೆ ಹಾಕಿ ನಡುಮನೆಯಲ್ಲಿ ಕಂಬಳಿಯ ನಡುವೆ ಇಟ್ಟಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಎದ್ದು ಡಬ್ಬಿ ತಂದು ಬಚ್ಚಲ ಒಲೆಯ ಕಟ್ಟೆಯ ಮೇಲೆ, ಹಂಡೆಗೆ ತಾಗುವ ಹಾಗೆ ಇಟ್ಟೆ. ಒಲೆಯಲ್ಲಿ ಇನ್ನೂ ಕೆಂಡವಿತ್ತು. ಪಾಪ, ಚಳಿಯಲ್ಲಿ ಬಂದಿವೆ, ಇಲ್ಲಿ ಹಾಯಾಗಿರಲಿ ಅನ್ನುವುದು ಬಿಟ್ಟರೆ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಬೆಳಿಗ್ಗೆ ಹಾಳೆ ಸುರುಳಿ ಸುತ್ತಿಕೊಂಡಿತ್ತು. ಅವ್ವ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಹತ್ತಿರ ಕೂರಿಸಿಕೊಂಡು, ಸೂಜಿಯ ಹಿಂಬದಿಯಿಂದ ಒಂದೊಂದೇ ಮೊಟ್ಟೆ ತೋರಿಸಿದಳು. ಎಲ್ಲದರ ನಡುವೆ ಗುಳಿ ಬಿದ್ದಿತ್ತು, ಒಣಗಿದ ಬಟಾಣಿಯಲ್ಲಿ ಬೀಳುವ ಹಾಗೆ. ‘ಮೊಟ್ಟೆಯೂ ಉಸಿರಾಡ್ತದೆ ಮಗ. ಒಳಗಿನ ನೀರು ಆರಿದ್ರೆ ಹಿಂಗೆ ಕುಸೀತದೆ.’ ಹದಿನೈದು ಇಪ್ಪತ್ತು ಮರಿ ಆಮೇಲಿನ ನಾಲ್ಕು ದಿನದಲ್ಲಿ ಇವತ್ತೊಂದು ನಾಳೆ ಎರಡು ಅಂತ ಹೊರಬಂದವು. ಒಂದೂ ಎರಡನೇ ಜ್ವರ ದಾಟಲಿಲ್ಲ. ಆ ಡಬ್ಬಿ ತಂದು ಒಲೆಯ ಪಕ್ಕ ಇಟ್ಟ ನನ್ನ ಕೈ ನನಗೇ ಬೇಡವಾಗಿತ್ತು. ಎಷ್ಟೋ ದಿನ ಬಚ್ಚಲಿಗೆ ಹೋದರೆ ಆ ಕಟ್ಟೆಯ ಕಡೆ ನೋಡುತ್ತಿರಲಿಲ್ಲ.

ಅವ್ವ ಮಾವನಿಗೆ ಇನ್‌ಲ್ಯಾಂಡ್ ಪತ್ರ ಬರೆದಳು. ನಡೆದದ್ದನ್ನೆಲ್ಲ ಬರೆದು, ನನ್ನ ಹೆಸರು ಮಾತ್ರ ಬಿಟ್ಟಳು. ‘ಒಲೆಯ ಹತ್ತಿರ ಇಟ್ಟುಬಿಟ್ಟೆವು’ ಎಂದು ತನ್ನನ್ನೂ ಸೇರಿಸಿಕೊಂಡು ಬರೆದಿದ್ದಳು. ಮಾವನಿಂದ ಉತ್ತರ ಬಂತು: ನಿಮ್ಮಲ್ಲಿ ಆ ದಿನ ಎಷ್ಟು ಡಿಗ್ರಿ ಇತ್ತು, ಬರೆ. ನಮ್ಮ ಮನೆಯಲ್ಲಿ ಥರ್ಮಾಮೀಟರ್ ಎಲ್ಲಿಂದ ಬರಬೇಕು? ಅವ್ವ ಬರೆದಳು: ‘ಡಿಗ್ರಿ ಗೊತ್ತಿಲ್ಲ ಅಣ್ಣಯ್ಯ. ಪಾರ್ಸೆಲ್ಲು ಬಂದ ದಿನ ತಲೆಗೆ ಹಚ್ಚೋ ಎಣ್ಣೆ ಮಧ್ಯಾಹ್ನ ಆದರೂ ಕರಗಿರಲಿಲ್ಲ.’

ಈ ಒಂದು ಸಾಲು ಮಾವನ ತಲೆಯಲ್ಲಿ ಕೂತುಬಿಟ್ಟಿತಂತೆ. ಕೊಬ್ಬರಿ ಎಣ್ಣೆ ಕರಗುವುದು 24-25 ಡಿಗ್ರಿಗೆ. ಮೊಟ್ಟೆಗೆ ಬೇಕಾದದ್ದೂ ಹೆಚ್ಚು ಕಡಿಮೆ ಅಷ್ಟೇ. ಅಲ್ಲಿಗೆ ನಮ್ಮ ಮನೆಯ ಗೋಡೆಗೂಡಿನಲ್ಲಿ ನಿಂತಿದ್ದ ಎಣ್ಣೆ ಬಾಟ್ಲಿಯೇ ಹುಳಕ್ಕೆ ಹದವಾದ ಥರ್ಮಾಮೀಟರ್. ಎಣ್ಣೆ ತಿಳಿಯಾಗಿದ್ದರೆ ಸರಿ, ಬೆಳ್ಳಗಾಗತೊಡಗಿದರೆ ಚಳಿ ಎಂದು ಅರ್ಥ.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಅದನ್ನು ನನಗೆ ಆಗ ಬಿಡಿಸಿ ಹೇಳಿದವರು ಅಪ್ಪಯ್ಯ. ಹತ್ತಿ, ಕಂಬಳಿ, ಹೊಟ್ಟು ಇವು ಯಾವುವೂ ಬಿಸಿ ಹುಟ್ಟಿಸುವುದಿಲ್ಲ, ಇದ್ದ ಬಿಸಿ ಬೇಗ ಹೋಗದಂತೆ ತಡೆಯುತ್ತವೆ ಅಷ್ಟೆ. ಕಂಬಳಿ ಹೊದ್ದರೆ ನಮಗೆ ಬೆಚ್ಚಗಾಗುವುದು ನಮ್ಮ ಮೈಯಲ್ಲೇ ಒಲೆ ಇರುವುದರಿಂದ. ಮೊಟ್ಟೆಗೆ ಹೇಳಿಕೊಳ್ಳುವಂಥ ಬಿಸಿ ಇಲ್ಲ. ಎಷ್ಟೇ ಹತ್ತಿ ಸುತ್ತಿದರೂ ರಾತ್ರಿ ಉದ್ದವಾದರೆ ಅದು ಹೊರಗಿನ ಚಳಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ಡಬ್ಬಿಯೊಳಗೆ ಬಿಸಿಯನ್ನು ಕೂಡಿಟ್ಟುಕೊಂಡ ಏನಾದರೂ ಒಂದು ಇರಬೇಕು. ಬಿಸಿನೀರಿನ ಬಾಟ್ಲಿ ಇಟ್ಟರೆ ಮೊದಲು ಸುಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ಕೊಬ್ಬರಿ ಎಣ್ಣೆಯ ಗುಣ ಬೇರೆ. ಅದು ಹೆಪ್ಪುಗಟ್ಟುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ಕರಗಿದ ಎಣ್ಣೆ ಪೂರ್ತಿ ಗಟ್ಟಿಯಾಗುವವರೆಗೂ ಅದರ ಬಿಸಿ ಇಪ್ಪತ್ತರ ಮೇಲೆಯೇ ನಿಂತಿರುತ್ತದೆ, ಎಂದೂ ಸುಡುವುದಿಲ್ಲ. ಹಗಲು ಬಿಸಿಲೇರಿ ಡಬ್ಬಿ ಕಾದರೆ ಎಣ್ಣೆ ಮತ್ತೆ ಕರಗುತ್ತ ಆ ಹೆಚ್ಚಿನ ಬಿಸಿಯನ್ನೂ ತಾನೇ ನುಂಗುತ್ತದೆ. ರಾತ್ರಿಗೆ ಅದನ್ನೇ ಕೊಡುತ್ತದೆ.

ಮಾವ ಅನುಮಾನ ಇಟ್ಟುಕೊಂಡು ಕಳಿಸುವವರಲ್ಲ. ಒಂದೇ ಅಳತೆಯ ಎರಡು ಮರದ ಪೆಟ್ಟಿಗೆ ಮಾಡಿಸಿದರು. ಎರಡಕ್ಕೂ ಭತ್ತದ ಹೊಟ್ಟು ತುಂಬಿ, ಒಂದರ ನಡುವೆ ಕರಗಿಸಿದ ಎಣ್ಣೆಯ ನಾಲ್ಕು ಚಪ್ಪಟೆ ಗಾಜಿನ ಬಾಟ್ಲಿ ಇಟ್ಟರು. ಎರಡರೊಳಗೂ ಥರ್ಮಾಮೀಟರ್ ಇಟ್ಟು ಒಂದು ರಾತ್ರಿ ಮೊಟ್ಟೆ ಕಾಪಿಡುವ ತಣ್ಣನೆ ಕೋಣೆಯಲ್ಲಿ ಬಿಟ್ಟರು. ಬೆಳಿಗ್ಗೆ ಬರೀ ಹೊಟ್ಟಿನ ಪೆಟ್ಟಿಗೆ 12ಕ್ಕೆ ಇಳಿದಿತ್ತು. ಎಣ್ಣೆ ಇದ್ದದ್ದು 22ರಲ್ಲಿ ನಿಂತಿತ್ತು. ಈ ಎರಡು ಅಂಕಿಗಳನ್ನು ಅವರು ಪತ್ರದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು.

ಎರಡನೇ ಪಾರ್ಸೆಲ್ಲು ಸಂಕ್ರಾಂತಿ ಕಳೆದ ಮೇಲೆ, 1985ರ ಜನವರಿಯ ಕೊನೆಯ ವಾರ ಹೊರಟಿತು. ಈ ಸಲ ಮಾವ ಅದನ್ನು ಊರಿನಲ್ಲಿ ಅಂಚೆಗೆ ಹಾಕದೆ ಒಂದು ದಿನ ರಜ ಹಾಕಿ ತಾವೇ ಬೆಂಗಳೂರಿಗೆ ಒಯ್ದರು. ಸೋಮವಾರ ಹಾಕಿದರು. ಸೋಮವಾರ ಹಾಕಿದ್ದು ಭಾನುವಾರದ ರಜಕ್ಕೆ ಸಿಕ್ಕಿ ಎಲ್ಲೂ ಕೊಳೆಯುವುದಿಲ್ಲ. ಕಿಟಕಿಯೊಳಗಿನ ಗುಮಾಸ್ತರು ಎಣ್ಣೆ ಎಂದು ಕೇಳಿ ಹಿಂಜರಿದರಂತೆ. ಸೋರಿದರೆ ಬೇರೆಯವರ ಕಾಗದ ಪತ್ರಗಳ ಗತಿಯೇನು? ನ್ಯಾಯವಾದ ಪ್ರಶ್ನೆ. ಮಾವ ಬಿರಡೆಗೆಲ್ಲ ಮೇಣ ಹಾಕಿ ಬಟ್ಟೆ ಕಟ್ಟಿದ್ದರು. ಪೆಟ್ಟಿಗೆಯನ್ನು ಅವರ ಮುಂದೆಯೇ ಹಲಗೆಯ ಮೇಲೆ ತಲೆಕೆಳಗು ಮಾಡಿ ಐದು ನಿಮಿಷ ಇಟ್ಟರು. ಒಂದು ಹನಿ ಬರಲಿಲ್ಲ. ಗುಮಾಸ್ತರು ಮುದ್ರೆ ಒತ್ತಿದರು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಪೋಸ್ಟ್‌ಮನ್ ಅದನ್ನು ತಲೆಯ ಮೇಲೆ ಹೊತ್ತು ತೋಟದ ದಾರಿಯಲ್ಲಿ ಇಳಿದು ಬಂದ. ನಾನು ಶಾಲೆಗೆ ಹೋಗಿರಲಿಲ್ಲ, ಅಪ್ಪಯ್ಯ ಹೋಗು ಅನ್ನಲೂ ಇಲ್ಲ. ಪೆಟ್ಟಿಗೆಯ ಮೇಲೆ ಮಾವನ ದಪ್ಪ ಅಕ್ಷರ: ‘ಜೀವಂತ ರೇಷ್ಮೆ ಮೊಟ್ಟೆ. ಬಿಸಿಲಿಗೆ ಇಡಬೇಡಿ. ಬೆಂಕಿಯ ಹತ್ತಿರ ಇಡಬೇಡಿ.’ ಕೊನೆಯ ಮಾತನ್ನು ನಾನು ಎರಡು ಸಲ ಓದಿದೆ.

ಮೊಳೆ ಕಿತ್ತು ಮುಚ್ಚಳ ತೆಗೆದರೆ ಹೊಸ ಹೊಟ್ಟಿನ ವಾಸನೆ. ಅವ್ವ ಎರಡೂ ಕೈಯಿಂದ ಹೊಟ್ಟು ಸರಿಸಿದಳು. ನಡುವೆ ನಾಲ್ಕು ಬಾಟ್ಲಿ ಗೋಡೆ ಕಟ್ಟಿದ ಹಾಗೆ ನಿಂತಿದ್ದವು. ಅವುಗಳ ನಡುವೆ ಒಂದು ಬಿದಿರಿನ ಅಂಡೆ. ಅದರ ಎರಡು ಬಾಯಿಗೂ ತೆಳುಬಟ್ಟೆ ಕಟ್ಟಿ, ಪೆಟ್ಟಿಗೆಯ ಎರಡು ಪಕ್ಕದಲ್ಲಿ ಕೊರೆದ ತೂತುಗಳಿಗೆ ಸರಿಯಾಗಿ ಕೂರಿಸಿದ್ದರು. ಗಾಳಿ ಆಡುತ್ತದೆ, ಆದರೆ ಬೀಸುವುದಿಲ್ಲ. ಅಂಡೆಯ ಪಕ್ಕದಲ್ಲಿ, ಮೊಟ್ಟೆಗೆ ತಾಗದ ಹಾಗೆ, ಒದ್ದೆ ಹತ್ತಿಯ ಒಂದು ಉಂಡೆ.

ಅವ್ವ ಮೊದಲು ಒಂದು ಬಾಟ್ಲಿ ತೆಗೆದು ಬೆಳಕಿಗೆ ಹಿಡಿದಳು. ಗಾಜಿನ ಅಂಚಿನ ಸುತ್ತ ಎಣ್ಣೆ ಬೆಳ್ಳಗೆ ಹರಳುಗಟ್ಟಿತ್ತು. ನಡುವೆ ತಿಳಿ. ಓರೆ ಮಾಡಿದರೆ ಆ ತಿಳಿಯಲ್ಲಿ ಒಂದು ಗುಳ್ಳೆ ನಿಧಾನವಾಗಿ ಮೇಲೇರಿತು.

‘ಇನ್ನೂ ಅರ್ಧ ಉಳಿದಿದೆ’ ಅಂದರು ಅಪ್ಪಯ್ಯ. ಬಿಸಿ ಉಳಿದಿದೆ ಎಂದು.

ಅವ್ವ ಏನೂ ಹೇಳಲಿಲ್ಲ. ಅಂಡೆಯ ಬಟ್ಟೆ ಬಿಚ್ಚಿ ಹಾಳೆ ಹೊರತೆಗೆದು ಕೆನ್ನೆಗೆ ಹಿಡಿದಳು. ಆಮೇಲೆ ನನ್ನ ಕೆನ್ನೆಗೂ ಹಿಡಿದಳು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ.

ಆಮೇಲಿನ ಕೆಲಸವೆಲ್ಲ ಅವ್ವನದು. ಖಾಲಿಯಿದ್ದ ಕೋಣೆಯೊಂದನ್ನು ಸಾರಿಸಿ, ಅಗಲ ಬಾಯಿಯ ಮಡಕೆಗೆ ಒದ್ದೆ ಮರಳು ಹಾಕಿ, ಮರಳಿನ ಮೇಲೆ ಅಡ್ಡಕಡ್ಡಿ ಇಟ್ಟು, ಅದರ ಮೇಲೆ ಹಾಳೆ ಇಟ್ಟಳು. ಪಕ್ಕದಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟ್ಲಿ. ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಕೊಟ್ಟಳು. ಬೇಕೆಂದೇ ಕೊಟ್ಟಳೆಂದು ಈಗ ಅರ್ಥವಾಗುತ್ತದೆ. ಬಾಟ್ಲಿಯ ಅಂಚು ಬೆಳ್ಳಗಾಗತೊಡಗಿದರೆ ನಾನು ಹೇಳಬೇಕು. ಆಗ ಅಜ್ಜಿ ಹೊಗೆ ಪೂರ್ತಿ ಆರಿದ ಕೆಂಡವನ್ನು ಬಾಣಲೆಯಲ್ಲಿ ತಂದು ಕೋಣೆಯ ದೂರದ ಮೂಲೆಯಲ್ಲಿ ಇಡುತ್ತಿದ್ದರು. ಒಳಗೆ ನಿಂತವರಿಗೆ ಬೆವರು ಬಂತೋ, ಹೆಚ್ಚಾಯಿತು ಎಂದು ಬಾಣಲೆ ಹೊರಗೆ. ಅಜ್ಜಿಗೆ ಮೊದಮೊದಲು ‘ಇದೆಂತ ಹುಳ ಮಾರಾಯ್ತಿ, ಬಾಣಂತಿಗಿಂತ ಹೆಚ್ಚಾಯ್ತು’ ಅನ್ನಿಸಿತ್ತು. ಮೂರನೇ ರಾತ್ರಿ ನನಗಿಂತ ಮೊದಲು ಎದ್ದು ಬಾಟ್ಲಿ ನೋಡಿದವರು ಅವರೇ.

ಮರುವಾರದ ಒಂದು ಸಂಜೆ ಚುಕ್ಕೆ ಮೂಡಿತು. ಲಾಟೀನು ಹತ್ತಿರ ತಂದು ನೋಡಿದರೆ ಹಾಳೆಯ ತುಂಬ ಸೂಜಿಮೊನೆಯಷ್ಟು ಕಪ್ಪು. ಅವ್ವ ಕೂಡಲೇ ಅಪ್ಪಯ್ಯನ ಹಳೆ ಕೊಡೆಯ ಕಪ್ಪು ಬಟ್ಟೆ ಬಿಚ್ಚಿ ಅದರಲ್ಲಿ ಹಾಳೆ ಸುತ್ತಿದಳು. ಕತ್ತಲಲ್ಲಿಟ್ಟರೆ ಮುಂದೆ ಹೋದ ಮರಿಗಳು ಕಾಯುತ್ತವೆ, ಹಿಂದೆ ಬಿದ್ದವು ಬಂದು ಸೇರುತ್ತವೆ. ಆಮೇಲೆ ಬೆಳಕು ತೋರಿಸಿದರೆ ಎಲ್ಲ ಒಟ್ಟಿಗೆ ಹೊರಡುತ್ತವೆ. ಒಂದೇ ದಿನ ಹುಟ್ಟಿದ ಹುಳ ಒಟ್ಟಿಗೆ ತಿನ್ನುತ್ತವೆ, ಒಟ್ಟಿಗೆ ಜ್ವರಕ್ಕೆ ಕೂರುತ್ತವೆ, ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತವೆ. ಮುಂದು ಹಿಂದಾದರೆ ಸಾಕುವವರ ಪಾಡು ಹೇಳತೀರದು. ಮೊದಲ ಪಾರ್ಸೆಲ್ಲಿನ ಹುಳ ಉಳಿಯದೆ ಹೋಗಲು ಅದೂ ಒಂದು ಕಾರಣ.

ಎರಡನೇ ಬೆಳಿಗ್ಗೆ ಆರೂವರೆಗೆ ಅವ್ವ ನಮ್ಮನ್ನೆಲ್ಲ ಎಬ್ಬಿಸಿ ಕೂರಿಸಿ ಕೊಡೆ ಬಟ್ಟೆ ತೆಗೆದಳು. ಮೊಟ್ಟೆಗಳು ನೀಲಿಗಟ್ಟಿದ್ದವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದರ ಪಕ್ಕ ಒಂದು ಕಡಿದುಕೊಂಡು ಹೊರಬರತೊಡಗಿದವು. ಕಪ್ಪು, ಮೈತುಂಬ ಸಣ್ಣ ಕೂದಲು, ಎಳ್ಳಿಗಿಂತ ತೆಳ್ಳಗೆ. ನೋಡುತ್ತಿದ್ದಂತೆ ಹಾಳೆಯೇ ಅಲುಗಿದ ಹಾಗಾಯಿತು. ಅವ್ವ ಎಳೆಸೊಪ್ಪನ್ನು ಉಗುರಗಲ ಹೆಚ್ಚಿ ಮೇಲೆ ಉದುರಿಸಿದಳು. ಹುಳಗಳು ತಲೆಯೆತ್ತಿ, ವಾಸನೆ ಹಿಡಿದು, ಸೊಪ್ಪಿಗೆ ಹತ್ತಿದವು. ನನ್ನ ತಂಗಿಗೆ ಆಗ ನಾಲ್ಕು ವರ್ಷ. ಅವಳು ಉಸಿರು ಬಿಗಿಹಿಡಿದು ಕೂತಿದ್ದಳು, ಉಸಿರು ಬಿಟ್ಟರೆ ಹಾರಿಹೋಗುತ್ತವೆ ಎಂದು ಅವ್ವ ಹೇಳಿದ್ದಕ್ಕೆ.

ಮಧ್ಯಾಹ್ನ ಖಾಲಿ ಹಾಳೆಯನ್ನು ನನ್ನ ಕೈಗೆ ಕೊಟ್ಟು ‘ಒಂದು ಮೊಟ್ಟೆ ಎಣಿಸಿ ಮಾವನಿಗೆ ಬರಿ’ ಅಂದಳು. ಮರಿ ಹೊರಬಂದ ಸಿಪ್ಪೆ ಬೆಳ್ಳಗೆ ಹಗುರವಾಗಿರುತ್ತದೆ, ಬರದೇ ಉಳಿದದ್ದು ಬಣ್ಣ ಹಿಡಿದು ಗುಳಿಬಿದ್ದಿರುತ್ತದೆ. ಸೂಜಿ ಹಿಡಿದು ಎರಡು ಗಂಟೆ ಎಣಿಸಿದೆ. 438 ಮೊಟ್ಟೆ. ಬರದೇ ಉಳಿದದ್ದು 19. ಪತ್ರದಲ್ಲಿ ಈ ಎರಡು ಅಂಕಿ ಬರೆದು, ಕೆಳಗೆ, ಮೊದಲ ಸಲ ಡಬ್ಬಿಯನ್ನು ಒಲೆಯ ಹತ್ತಿರ ಇಟ್ಟವನು ನಾನೇ ಎಂದೂ ಬರೆದೆ.

ಮಾವ ಯುಗಾದಿಗೆ ಬಂದರು. ಅಷ್ಟರಲ್ಲಿ ಹುಳ ಹಣ್ಣಾಗಿ, ಅಜ್ಜಿ ಬಿದಿರಿನಲ್ಲಿ ಹೆಣೆಸಿದ್ದ ಚಂದ್ರಂಕಿಯಲ್ಲಿ ಗೂಡು ಕಟ್ಟಿ, ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಗೂಡಾಗಿತ್ತು. ರಾತ್ರಿ ಬಚ್ಚಲ ಒಲೆಯ ಮುಂದೆ ಮಾವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಪತ್ರದ ವಿಷಯ ಎತ್ತಿದರು. ‘ಬೆಚ್ಚಗಿಡೋದೇ ಬೇರೆ, ಕಾಯ್ಸೋದೇ ಬೇರೆ ಕಣಪ್ಪ. ನೀನು ಮಾಡಿದ್ದು ದೊಡ್ಡವರೂ ಮಾಡಿದಾರೆ’ ಅಂದು ಒಂದು ಕಥೆ ಹೇಳಿದರು. ಸುಮಾರು 550ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜಸ್ಟೀನಿಯನ್‌ಗೆ ಕೆಲವು ಸನ್ಯಾಸಿಗಳು ಪೂರ್ವ ದೇಶದಿಂದ ರೇಷ್ಮೆ ಮೊಟ್ಟೆ ತಂದುಕೊಟ್ಟರು. ಅಲ್ಲಿಯವರೆಗೆ ಆ ಕಡೆಯವರಿಗೆ ರೇಷ್ಮೆ ಗೊತ್ತಿತ್ತು, ಹುಳ ಗೊತ್ತಿರಲಿಲ್ಲ. ಮೊಟ್ಟೆ ಇಟ್ಟು ಎಷ್ಟೋ ಕಾಲವಾದ ಮೇಲೂ ಅವನ್ನು ಸಗಣಿಯಲ್ಲಿ ಮುಚ್ಚಿ, ಆ ಕಾವಿನಲ್ಲಿ ಮರಿ ಮಾಡುತ್ತಾರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. ತಿಪ್ಪೆಯ ಕಾವು ಎಷ್ಟು ಹದ ಎಂದು ನಮ್ಮ ರೈತರಿಗೆ ಹೇಳಬೇಕಾಗಿಲ್ಲ. ಫ್ರಾನ್ಸಿನ ಸೆವೆನ್ ಬೆಟ್ಟಗಳ ಹೆಂಗಸರು ಮೊಟ್ಟೆಯನ್ನು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಮೈಗೆ ತಾಗುವಂತೆ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದರು, ಮರಿ ಬರುವವರೆಗೆ. ನಮ್ಮ ನಾಡಿಗೆ ಹುಳ ಬಂದದ್ದೂ ಇಂಥ ಪ್ರಯಾಣದಿಂದಲೇ. ಟಿಪ್ಪು ಬಂಗಾಳಕ್ಕೆ ಜನ ಕಳಿಸಿ ತರಿಸಿದ. ರೈಲಿಲ್ಲದ ಕಾಲದಲ್ಲಿ ಅಷ್ಟು ದೂರದಿಂದ ಜೀವ ಉಳಿಸಿಕೊಂಡು ತಂದವರನ್ನು ನೆನೆದು ಮಾವ ಕೈ ಮುಗಿದರು.

ಮಾವನೂ ಅವ್ವನೂ ಈಗಿಲ್ಲ. ಬೇಲಿಯ ಹಿಪ್ಪುನೇರಳೆ ಇದೆ.

ಈ ಕಥೆಯನ್ನು ಈಗ ಬರೆಯಲು ಕಾರಣವಿದೆ. ಹೋದ ಚಳಿಗಾಲ ತಂಗಿಯ ಮಗ ತನ್ನ ಶಾಲೆಗೆಂದು ಕೊರಿಯರ್‌ನಲ್ಲಿ ರೇಷ್ಮೆ ಮೊಟ್ಟೆ ತರಿಸಿದ. ಕಳಿಸಿದವರು ಒಳ್ಳೆಯ ಮನಸ್ಸಿನಿಂದಲೇ, ಗಾಳಿ ತಾಗಿದರೆ ಬಿಸಿಯಾಗುವ ಕಬ್ಬಿಣದ ಪುಡಿಯ ಒಂದು ಪೊಟ್ಟಣವನ್ನು ಮೊಟ್ಟೆಯ ಜೊತೆಗೇ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿದ್ದರು. ಕೈ ಕಾಯಿಸಿಕೊಳ್ಳಲು ಮಾಡಿದ ಪೊಟ್ಟಣ ಅದು. 25ಕ್ಕೆ ನಿಲ್ಲುವುದಿಲ್ಲ, ನಲವತ್ತು ದಾಟುತ್ತದೆ. ಬಿಸಿಯಾಗಲು ಅದು ಬಳಸುವುದು ಡಬ್ಬಿಯೊಳಗಿನ ಆಮ್ಲಜನಕವನ್ನೇ, ಮೊಟ್ಟೆ ಉಸಿರಾಡಬೇಕಾದ ಅದೇ ಆಮ್ಲಜನಕವನ್ನು. ಹುಡುಗ ಹಾಳೆ ತಂದು ತೋರಿಸಿದ. ಮೊಟ್ಟೆಯ ನಡುವೆ ಗುಳಿ ಬಿದ್ದಿತ್ತು. ನಲವತ್ತು ವರ್ಷದ ಹಿಂದೆ ಅವ್ವ ಸೂಜಿಯಲ್ಲಿ ತೋರಿಸಿದ್ದ ಅದೇ ಗುಳಿ.

ಚಳಿಗಾಲದಲ್ಲಿ ಯಾರಿಗಾದರೂ ಮೊಟ್ಟೆ ಕಳಿಸುವವರಲ್ಲಿ ನನ್ನದೊಂದು ಬೇಡಿಕೆ. ಡಬ್ಬಿಗೆ ಗಾಳಿ ಆಡಲು ದಾರಿ ಇಡಿ. ಬಿಸಿ ಪೊಟ್ಟಣವನ್ನು ಮೊಟ್ಟೆಗೆ ತಾಗಿಸಬೇಡಿ, ಒಂದೇ ಡಬ್ಬಿಯಲ್ಲಿ ಮುಚ್ಚಲೂ ಬೇಡಿ. ಕೊಬ್ಬರಿ ಎಣ್ಣೆ ಕರಗಿಸಿ, ಉಗುರುಬೆಚ್ಚಗಾದ ಮೇಲೆ ಬಾಟ್ಲಿಗೆ ಹಾಕಿ, ಸೋರದಂತೆ ಮುಚ್ಚಿ ಸುತ್ತ ಇಡಿ. ಪೆಟ್ಟಿಗೆಯ ಮೇಲೆ ಒಳಗೆ ಏನಿದೆಯೆಂದು ದೊಡ್ಡದಾಗಿ ಬರೆಯಿರಿ. ಸೋಮವಾರ ಕಳಿಸಿ. ದಯವಿಟ್ಟು ಗುರುವಾರದ ಮೇಲೆ ಕಳಿಸಬೇಡಿ.